ಜೆಲಿಂಡಾಳ ಬಲಗಾಲಿನ ಅಚ್ಚು

ಮೊಂತೆಫಾರ್ನೊ ಊರಿನಲ್ಲಿ ಯಾರ ಕಾಲು ಎಂಥದ್ದು ಅನ್ನುವುದು ಇಬ್ಬರಿಗೆ ಮಾತ್ರ ಗೊತ್ತು. ಒಬ್ಬ ದೇವರು, ಇನ್ನೊಬ್ಬ ಬೂಟಿನ ಮೇಸ್ತ್ರಿ ಎಲ್ಪಿಡಿಯೊ. ದೇವರ ಬಾಯಿ ಬಿಡಿಸುವುದು ಹೇಗೆ ಅಂತ ಪಾದ್ರಿಗಳಿಗಾದರೂ ಗೊತ್ತಿರಬಹುದು. ಎಲ್ಪಿಡಿಯೊನ ಬಾಯಿ ಬಿಡಿಸುವವರು ಮಾತ್ರ ಇನ್ನೂ ಹುಟ್ಟಿರಲಿಲ್ಲ. ಹಾಗಂತ ಅವನೇನು ಮೂಗನಲ್ಲ. ಫುಟ್‌ಬಾಲ್, ಪುರಸಭೆ, ಅಳಿಯ ಮಾಡುವ ಕೆಟ್ಟ ಅಡುಗೆ, ಯಾವುದನ್ನು ಎತ್ತಿದರೂ ಊಟದ ಹೊತ್ತಿನವರೆಗೆ ತಲೆ ತಿನ್ನುತ್ತಾನೆ. ಗಿರಾಕಿಯ ಕಾಲಿನ ವಿಷಯ ಬಂತೋ, ಬಾಯಿಗೆ ಹೊಲಿಗೆ.

ಈ ಸೀಮೆಯಲ್ಲಿ ಬೂಟಿನ ಕೆಲಸ ಮಾಡದ ಮನೆಯನ್ನು ಹುಡುಕಿಕೊಂಡು ಹೋಗಬೇಕು. ಕೆಳಗೆ ಸಮುದ್ರದ ಕಡೆ ಕಾರ್ಖಾನೆಗಳು ದಿನಕ್ಕೆ ಸಾವಿರ ಜೊತೆ ಉಗುಳುತ್ತವೆ. ಎಲ್ಪಿಡಿಯೊ ಮಾತ್ರ ಬೆಟ್ಟದ ಮೇಲೆ, ಪುರಸಭೆಯ ಹಿಂದಿನ ಓಣಿಯಲ್ಲಿ ಕೂತು ತಿಂಗಳಿಗೆ ಹೆಚ್ಚೆಂದರೆ ಎಂಟು ಜೊತೆ ಮಾಡುತ್ತಾನೆ. ಅವನ ಅಂಗಡಿಯ ಗೋಡೆಯ ತುಂಬ ಕಾಲಿನ ಆಕಾರದ ಮರದ ಅಚ್ಚುಗಳು, ಜೋಡಿ ಜೋಡಿಯಾಗಿ, ಒಂದೊಂದರ ಮೇಲೂ ಗಿರಾಕಿಯ ಹೆಸರು. ಯಾರದಾದರೂ ಕಾಲು ಬದಲಾದರೆ ಹೊಸ ಅಚ್ಚು ಕೆತ್ತುವುದಿಲ್ಲ. ಎಲ್ಲಿ ಉಬ್ಬಿದೆಯೋ ಅಲ್ಲಿಗೆ ತೊಗಲಿನ ತೆಳು ತುಂಡು ಅಂಟಿಸಿ, ಉಜ್ಜಿ ನಯಮಾಡಿ, ಮೇಲೆ ಪೆನ್ಸಿಲಿನಲ್ಲಿ ತಿಂಗಳು ವರ್ಷ ಬರೆಯುತ್ತಾನೆ. ಮುಂದಿನ ಬೂಟು ಆ ಉಬ್ಬಿಗೆ ಸರಿಯಾಗಿ ಕೂರುತ್ತದೆ. ಗಿರಾಕಿ ಕಾಲು ತೂರಿಸಿ, ಬೆಣ್ಣೆಯ ಹಾಗಿದೆ ಎಂದು ಹೊಗಳಿ ಹೋಗುತ್ತಾರೆ. ಯಾಕೆ ಹಾಗಿದೆ ಅಂತ ಅವರು ಕೇಳುವುದಿಲ್ಲ, ಇವನು ಹೇಳುವುದಿಲ್ಲ.

ಹೇಳಬಾರದು ಅನ್ನುವುದೇ ಕಸುಬಿನ ಮರ್ಯಾದೆ. ಅವನಿಗೆ ಕೆಲಸ ಕಲಿಸಿದ ಮುದುಕ ಅವನ ಕೈಗೆ ಉಳಿ ಕೊಡುವುದಕ್ಕೆ ಮುಂಚೆಯೇ ಈ ಪಾಠ ಹೇಳಿಕೊಟ್ಟಿದ್ದ. ಹೆಂಗಸಿಗೆ ನಿನ್ನ ಕಾಲು ಅಗಲವಾಯಿತು ಅನ್ನಬೇಡ, ಗಂಡಸಿಗೆ ನಿನ್ನ ಬೆರಳು ಸೊಟ್ಟಗಾಯಿತು ಅನ್ನಬೇಡ, ಏನಿದ್ದರೂ ಅಚ್ಚಿಗೆ ಹೇಳು. ಎಲ್ಪಿಡಿಯೊ ನಲವತ್ತೈದು ವರ್ಷ ಅಚ್ಚಿಗೇ ಹೇಳಿಕೊಂಡು ಬಂದ, ಅದರಿಂದಲೇ ಹೆಸರು ಗಳಿಸಿದ. ಪಾಪದವನು, ಇದರಲ್ಲಿ ತಪ್ಪೇನಿದೆ ಅಂತ ಯೋಚಿಸುವ ಸಂದರ್ಭವೇ ಅವನಿಗೆ ಬಂದಿರಲಿಲ್ಲ.

ಈಗ ಜೆಲಿಂಡಾಳ ವಿಷಯಕ್ಕೆ ಬರೋಣ. ಜೆಲಿಂಡಾ ಪುರಸಭೆಯ ಪೊಲೀಸು. ಊರಿನ ಚೌಕದ ನಡುವೆ ಬಿಳಿ ಟೋಪಿ ಹಾಕಿ ನಿಂತು ಸೀಟಿ ಊದುವವಳು. ವಯಸ್ಸು ನಲವತ್ತೊಂಬತ್ತು, ಗಂಟಲಿಗೆ ಇಪ್ಪತ್ತು. ಸ್ವಂತ ಅಣ್ಣನ ಕಾರಿಗೂ ದಂಡದ ಚೀಟಿ ಅಂಟಿಸಿದ್ದಾಳೆ, ಅದೂ ಅವನ ಮಗಳ ಮದುವೆಯ ದಿನ, ಇಗರ್ಜಿಯ ಮುಂದೆ. ಎಲ್ಪಿಡಿಯೊನ ಹೆಂಡತಿ ಡೆರ್ನಾಗೆ ಅವಳು ಬಾಲ್ಯದ ಗೆಳತಿ, ಆದ್ದರಿಂದ ಇವರ ಮನೆಯಲ್ಲಿ ಅವಳಿಗೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ. ದಿನಕ್ಕೆ ಎಂಟು ಗಂಟೆ ಕಲ್ಲುಹಾಸಿನ ಮೇಲೆ ನಿಲ್ಲುವ ಕಾಲುಗಳಾದ್ದರಿಂದ ಎಲ್ಪಿಡಿಯೊ ಅವಳ ಬೂಟನ್ನು ವಿಶೇಷ ಮುತುವರ್ಜಿಯಿಂದ ಮಾಡುತ್ತಿದ್ದ. ಸರಕಾರ ಕೊಡುವ ಬೂಟನ್ನು ಅವಳು ಒಂದು ದಿನವೂ ಹಾಕಿದವಳಲ್ಲ.

ಆ ವರ್ಷದ ಜನವರಿಯಲ್ಲಿ ಅವಳ ಬಲಗಾಲು ಚೌಕದ ಕಲ್ಲಿನ ಸಂದಿಯಲ್ಲಿ ಉಳುಕಿತು. ಉಳುಕು ಹೋದರೂ ನೋವು ಹೋಗಲಿಲ್ಲ. ಮುಲಾಮು ತಿಕ್ಕಿದಳು, ಬಿಸಿನೀರಿನಲ್ಲಿಟ್ಟಳು, ಬೈದಳು. ಈಸ್ಟರ್ ಕಳೆದ ಮೇಲೆ ಸಮುದ್ರದ ಕಡೆಯ ಊರಿಗೆ ಹೋಗಿ ಎಕ್ಸ್‌ರೇ ತೆಗೆಸಿದರೆ ಹಿಮ್ಮಡಿಯ ಮೂಳೆಯೊಳಗೆ ಹೊಗೆ ಕವಿದಂಥ ಒಂದು ತೂತು ಕಂಡಿತು. ಅಲ್ಲಿಯವರು ಕೈಯಾಡಿಸದೆ ಉತ್ತರದ ದೊಡ್ಡ ಆಸ್ಪತ್ರೆಗೆ, ಮೂಳೆಯ ಗಂಟುಗಳನ್ನೇ ನೋಡುವ ಡಾಕ್ಟರ್ ತಾಸ್ಸಿನಾರಿಯ ಹತ್ತಿರ ಕಳಿಸಿದರು. ಡಾಕ್ಟರಮ್ಮ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕೊಟ್ಟಳು. ಹದಿನೈದು ದಿನ ಮೊಂತೆಫಾರ್ನೊದಲ್ಲಿ ಸೀಟಿಯ ಸದ್ದು ಸ್ವಲ್ಪ ಸಣ್ಣಗಾಗಿತ್ತು. ಜನ ಆ ಸಂದರ್ಭವನ್ನು ಬಳಸಿಕೊಂಡು ಕಂಡಕಂಡಲ್ಲಿ ಗಾಡಿ ನಿಲ್ಲಿಸಿದರು, ಮನುಷ್ಯರೇ ಹಾಗೆ.

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಜೆಲಿಂಡಾ ಕರಿದ ಆಲಿವ್‌ಗಳ ಪೊಟ್ಟಣ ಹಿಡಿದುಕೊಂಡು ಎಲ್ಪಿಡಿಯೊನ ಅಂಗಡಿಗೆ ಬಂದಳು. ಮುಖ ಅರಳಿತ್ತು. ಕುಂಟುತ್ತಿದ್ದಳು, ಆದರೂ ಗೆದ್ದು ಬಂದವಳ ಕುಂಟು ಅದು. ಸ್ಟೂಲಿನ ಮೇಲೆ ಕೂತು, ಪೊಟ್ಟಣ ಬಿಚ್ಚಿ, ಮೊದಲ ಆಲಿವ್ ತಾನೇ ಬಾಯಿಗೆ ಹಾಕಿಕೊಂಡು ವರದಿ ಒಪ್ಪಿಸಿದಳು. ಗಂಟು ಮೆದುಮೂಳೆಯದಂತೆ. ಚೂರಿನಲ್ಲಿ ಕಂಡದ್ದು ಸೋಮಾರಿ ಜಾತಿಯದಂತೆ, ಬಿದ್ದಲ್ಲೇ ಬಿದ್ದಿರುವಂಥದ್ದು. ಕಾಲು ಕತ್ತರಿಸುವ ಮಾತೇ ಇಲ್ಲ. ಮೂಳೆಯಲ್ಲಿ ಕಿಟಕಿ ಕೊರೆದು, ಒಳಗೆ ಕೆರೆದು, ಸಿಮೆಂಟು ತುಂಬಿ ಮುಚ್ಚುತ್ತಾರಂತೆ. ಮುಂದಿನ ಮಂಗಳವಾರ ಆಪರೇಷನ್, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಮತ್ತೆ ಚೌಕದಲ್ಲಿ ನಿಲ್ಲಬಹುದಂತೆ.

ಎಲ್ಪಿಡಿಯೊ ದೇವರು ದೊಡ್ಡವನು ಅಂದ. ಡೆರ್ನಾ ಒಳಗಿನಿಂದ ಓಡಿ ಬಂದು ಗೆಳತಿಯನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಎರಡು ಆಲಿವ್ ತಿಂದಳು. ಇಷ್ಟಕ್ಕೇ ಎದ್ದು ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಜೆಲಿಂಡಾಗೆ ಮೇಸ್ತ್ರಿಯನ್ನು ಹೊಗಳಬೇಕು ಅನಿಸಿತು.

"ಡಾಕ್ಟ್ರಮ್ಮ ಏನು ಕೇಳಿದ್ಲು ಗೊತ್ತಾ ಮೇಸ್ತ್ರಿ? ಈಚೆಗೆ ನಿಮ್ಮ ಬೂಟು ಬಿಗಿಯಾಯ್ತಾ ಅಂತ. ಬಿಗಿಯಾಗಿದ್ರೆ ಗಂಟು ಬೆಳೀತಾ ಇದೆ ಅಂತ ಲೆಕ್ಕವಂತೆ. ನಾನಂದೆ, ಒಂದು ದಿನಾನೂ ಇಲ್ಲ, ಹತ್ತು ವರ್ಷದಿಂದ ಒಂದೇ ಕೈ, ಒಂದೇ ಅಳತೆ. ಹಿಮ್ಮಡಿ ದಪ್ಪ ಇದೆಯಲ್ಲಾ ಅಂದ್ಲು. ಅದು ನಮ್ಮ ಮನೆತನದ್ದು ತಾಯಿ, ನಮ್ಮಜ್ಜಿಗೂ ಹಿಂಗೇ ಇತ್ತು ಅಂದೆ. ಎಲ್ಲಾ ಬರ್ಕೊಂಡ್ಲು."

ಎಲ್ಪಿಡಿಯೊನ ಬಾಯಲ್ಲಿದ್ದ ಆಲಿವ್ ಅಲ್ಲೇ ನಿಂತಿತು. 

ಅವಳು ಹೋದ ಮೇಲೆ ಡೆರ್ನಾ ಒಳಗೆ ಹೋಗುವುದನ್ನೇ ಕಾದು ಅವನು ಗೋಡೆಯ ಮೇಲಿನಿಂದ ಜೆಲಿಂಡಾಳ ಬಲಗಾಲಿನ ಅಚ್ಚನ್ನು ಇಳಿಸಿದ. ನೋಡದಿದ್ದರೂ ಅವನಿಗೆ ಗೊತ್ತಿತ್ತು, ಆದರೂ ನೋಡಿದ. ಹಿಮ್ಮಡಿಯ ಹೊರಮಗ್ಗುಲಿನಲ್ಲಿ ಐದು ತುಂಡುಗಳು, ಒಂದರ ಮೇಲೊಂದು. ಮೊದಲ ಮೂರು ಒಂದೊಂದು ಮಿಲಿಮೀಟರಿನವು, ನಾಲ್ಕು ವರ್ಷದಲ್ಲಿ ಅಂಟಿಸಿದವು. ನಾಲ್ಕನೆಯದು ಈ ಜನವರಿಯದು, ಎರಡು ಮಿಲಿಮೀಟರ್. ಐದನೆಯದು ಏಪ್ರಿಲಿನದು, ಅದೂ ಎರಡು. ನಾಲ್ಕು ವರ್ಷದಲ್ಲಿ ಮೂರು ಬೆಳೆದದ್ದು ನಾಲ್ಕೇ ತಿಂಗಳಲ್ಲಿ ನಾಲ್ಕು ಬೆಳೆದಿತ್ತು. ಸೋಮಾರಿಯಂತೆ, ಸೋಮಾರಿ.

ಬೂಟು ಯಾಕೆ ಬಿಗಿಯಾಗಲಿಲ್ಲ ಅನ್ನುವುದನ್ನು ಬಲ್ಲವನು ಈ ಭೂಮಿಯ ಮೇಲೆ ಅವನೊಬ್ಬನೇ. ಏಪ್ರಿಲಿನಲ್ಲಿ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಟೇಪು ಸುತ್ತಿದಾಗ, ಇದೇನಪ್ಪ ಇಷ್ಟು ಬೇಗ ಅಂತ ಅವನಿಗೆ ಅನಿಸಿತ್ತು. ಅನಿಸಿದ್ದನ್ನು ನುಂಗಿ, ಫುಟ್‌ಬಾಲಿನ ಮಾತು ತೆಗೆದು, ಅವಳು ನಗುತ್ತಿರುವಾಗ ಅಳತೆ ಬರೆದುಕೊಂಡಿದ್ದ. ಅಷ್ಟು ನಾಜೂಕು ಅವನದು.

ಆ ದಿನ ಅವನು ಊಟ ಮಾಡಲಿಲ್ಲ. ಮರುದಿನ ಮಾಡಿದ, ರುಚಿ ಗೊತ್ತಾಗಲಿಲ್ಲ. ಹೇಳಿದರೆ ಏನಾಗುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಕೆರೆದು ಸಿಮೆಂಟು ತುಂಬುವ ಮಾತು ನಿಲ್ಲುತ್ತದೆ, ಕಾಲು ತೆಗೆಯುವ ಮಾತು ಬರುತ್ತದೆ. ಜೊತೆಗೆ, ಇಷ್ಟು ದಿನ ನೋಡಿಯೂ ಸುಮ್ಮನಿದ್ದೆಯಾ ಅನ್ನುವ ಪ್ರಶ್ನೆ ಬರುತ್ತದೆ. ಹೇಳದಿದ್ದರೆ? ಡಾಕ್ಟರಮ್ಮ ದಡ್ಡಿಯಲ್ಲ, ಚೂರು ತೆಗೆದು ನೋಡಿದ್ದಾಳೆ, ಬೂಟು ಹೊಲಿಯುವವನು ಅವಳಿಗಿಂತ ಬಲ್ಲವನಾ? ಈ ಕೊನೆಯ ಮಾತು ಅವನಿಗೆ ಬಹಳ ಹಿಡಿಸಿತು. ಎರಡು ದಿನ ಅದನ್ನೇ ಹಿಡಿದುಕೊಂಡು ಜೋತಾಡಿದ.

ಬುಧವಾರ ಸಂಜೆ ಡೆರ್ನಾ ಅಂಗಡಿ ಗುಡಿಸಲು ಬಂದವಳು, ಮೇಜಿನ ಮೇಲೆ ಆ ಅಚ್ಚು ಕಂಡು, ತಿರುಗಿಸಿ ನೋಡಿ, ಪೆನ್ಸಿಲಿನ ಬರಹ ಓದಿದಳು. ಇಪ್ಪತ್ತೆಂಟು ವರ್ಷ ಬೂಟಿನವನ ಹೆಂಡತಿಯಾದವಳಿಗೆ ಅಚ್ಚು ಓದಲು ಬರುವುದಿಲ್ಲವೇ? ಗಂಡನ ಮುಖ ನೋಡಿದಳು. ಪೊರಕೆ ಗೋಡೆಗೆ ಒರಗಿಸಿದಳು.

"ನೀನು ಹೇಳ್ತೀಯೋ, ನಾನು ಹೇಳ್ಲೋ?"

ತಾನೇ ಹೇಳುತ್ತೇನೆ ಅಂದ. 

ಗುರುವಾರ ಚೌಕದಲ್ಲಿ ಸಂತೆ. ಕೋಳಿಯವರು, ಚೀಸಿನವರು, ಇಡೀ ಹಂದಿ ಸುಟ್ಟು ಕೊಯ್ದು ಕೊಡುವವರು, ಒಳಉಡುಪಿನವರು. ಇವರೆಲ್ಲರ ನಡುವೆ ಜೆಲಿಂಡಾ, ಮೇಯರ್ ಕೊಡಿಸಿದ ಕುರ್ಚಿಯ ಮೇಲೆ ಕೂತುಕೊಂಡೇ ಸೀಟಿ ಊದುತ್ತಿದ್ದಳು. ಎಲ್ಪಿಡಿಯೊ ತನ್ನ ಮೂರು ಚಕ್ರದ ಗಾಡಿಯನ್ನು ಎಲ್ಲಿ ನಿಲ್ಲಿಸಿದನೆಂಬ ಪರಿವೆಯೂ ಇಲ್ಲದೆ ಇಳಿದು, ಅಚ್ಚನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ನೇರ ಅವಳ ಮುಂದೆ ಹೋಗಿ ನಿಂತ. ಮನೆಗೆ ಹೋಗಿ ಹೇಳಬಹುದಿತ್ತು. ಮನೆಯಲ್ಲಾದರೆ ಅವಳು ಕಾಫಿ ಕೊಡುತ್ತಾಳೆ, ಕಾಫಿ ಕುಡಿದರೆ ಧೈರ್ಯ ಇಳಿದುಹೋಗುತ್ತದೆ ಅಂತ ಅವನ ಲೆಕ್ಕಾಚಾರ.

ಪತ್ರಿಕೆ ಬಿಚ್ಚಿ ತೋರಿಸಿ, ಮೊದಲ ತುಂಡಿನಿಂದ ಶುರು ಮಾಡಿ ಐದನೆಯದರವರೆಗೆ ಹೇಳಿದ. ತಡವರಿಸಿದ, ಹಿಂದೆ ಮುಂದೆ ಮಾಡಿದ, ಆದರೂ ಒಂದನ್ನೂ ಬಿಡಲಿಲ್ಲ. ಜೆಲಿಂಡಾ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಆ ಉಬ್ಬನ್ನು ಸವರಿದಳು. ಹತ್ತು ವರ್ಷ ಅವನ ಬೂಟು ಹಾಕಿದವಳು ತನ್ನ ಅಚ್ಚನ್ನು ಕಂಡದ್ದು ಅದೇ ಮೊದಲು.

"ಇದು ನನ್ನ ಕಾಲಾ?"

"ಹೂಂ."

"ಏಪ್ರಿಲಲ್ಲಿ ನಿಂಗೆ ಗೊತ್ತಾಗಿತ್ತಾ?"

"ಜನವರೀಲೇ ಗೊತ್ತಾಗಿತ್ತು. ಗಂಟು ಅಂತ ಗೊತ್ತಿರಲಿಲ್ಲ ಕಣೇ. ಕಾಲು ಬೆಳೀತಿದೆ ಅಂತ ಗೊತ್ತಿತ್ತು."

ಹಂದಿಮಾಂಸದವನು ಕತ್ತಿ ಮಸೆಯುವುದನ್ನು ನಿಲ್ಲಿಸಿ ಇವರ ಕಡೆಗೇ ನೋಡುತ್ತಿದ್ದ. ಜೆಲಿಂಡಾ ಅಚ್ಚನ್ನು ಪತ್ರಿಕೆಯಲ್ಲಿ ಮತ್ತೆ ಸುತ್ತಿ ತನ್ನ ಚೀಲಕ್ಕೆ ಹಾಕಿದಳು. ಆಮೇಲೆ ಜೇಬಿನಿಂದ ಪುಸ್ತಕ ತೆಗೆದು, ಅವನ ಗಾಡಿ ನಿಂತ ಜಾಗವನ್ನೊಮ್ಮೆ ನೋಡಿ, ದಂಡದ ಚೀಟಿ ಬರೆದು, ಹರಿದು, ಅವನ ಕೈಗೆ ಕೊಟ್ಟಳು. ಒಂದು ಮಾತೂ ಆಡಲಿಲ್ಲ. ಹದಿನಾಲ್ಕು ತಿಂಗಳು ಆಡಲಿಲ್ಲ.

ಮುಂದಿನದೆಲ್ಲ ಅವನಿಗೆ ಡೆರ್ನಾಳ ಬಾಯಿಂದ ತಿಳಿದದ್ದು. ಗೆಳತಿಯ ಜೊತೆ ರೈಲಿನಲ್ಲಿ ಹೋದವಳು ಅವಳೇ. ತಾಸ್ಸಿನಾರಿ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಳತೆಗೋಲು ತರಿಸಿ, ಒಂದೊಂದು ತುಂಡನ್ನೂ ಅಳೆದಳಂತೆ. ಮಂಗಳವಾರದ ಆಪರೇಷನ್ ರದ್ದು ಮಾಡಿದಳು. ಈ ಬಾರಿ ಹಿಮ್ಮಡಿಯ ಹೊರಮಗ್ಗುಲಿನಿಂದಲೇ, ತುಂಡುಗಳು ದಪ್ಪವಾಗಿದ್ದ ಜಾಗದಿಂದಲೇ ಚೂರು ತೆಗೆದಳು. ಈ ಗಂಟುಗಳೇ ಹೀಗಂತೆ, ಒಂದು ಮೂಲೆಯಲ್ಲಿ ನಿದ್ದೆ ಮಾಡುತ್ತಿರುತ್ತವೆ, ಇನ್ನೊಂದು ಮೂಲೆಯಲ್ಲಿ ಬಾಯಿ ತೆರೆದಿರುತ್ತವೆ. ಆ ಮೂಲೆಯದು ಕ್ಯಾನ್ಸರ್ ಎಂದು ಬಂತು, ಕೆಟ್ಟ ಜಾತಿಯದು. ಕೆರೆದಿದ್ದರೆ ಚೆಲ್ಲಾಪಿಲ್ಲಿಯಾಗಿ ಹರಡುತ್ತಿತ್ತು ಅಂದಳಂತೆ ಡಾಕ್ಟರಮ್ಮ.

ಜೆಲಿಂಡಾ ಒಂದೇ ಪ್ರಶ್ನೆ ಕೇಳಿದಳಂತೆ. ಒಂದು ವರ್ಷ ಮುಂಚೆ ಬಂದಿದ್ದರೆ? ತಾಸ್ಸಿನಾರಿ ಸುಳ್ಳು ಹೇಳುವವಳಲ್ಲ. ಬಹುಶಃ ಹಿಮ್ಮಡಿಯಷ್ಟೇ ಹೋಗುತ್ತಿತ್ತು, ಕಾಲು ಉಳಿಯುತ್ತಿತ್ತು, ಖಚಿತವಾಗಿ ಹೇಳಲಾರೆ ಅಂದಳು. ಈಗ ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ತೆಗೆಯಬೇಕು. ಶ್ವಾಸಕೋಶ ಶುದ್ಧವಾಗಿದೆ. ಪಾದದಲ್ಲಿ ಹುಟ್ಟಿ, ಅಲ್ಲೇ ಇದ್ದು, ಪೂರ್ತಿ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಬದುಕುತ್ತಾರೆ, ನಡೆಯುತ್ತಾರೆ, ಡಾಕ್ಟರನ್ನು ಬೈಯುವಷ್ಟು ಗಟ್ಟಿಯಾಗಿರುತ್ತಾರೆ ಎಂದೂ ಹೇಳಿದಳು.

ಡೆರ್ನಾ ಇದನ್ನೆಲ್ಲ ಹೇಳಿ ಮುಗಿಸಿದಾಗ ಎಲ್ಪಿಡಿಯೊ ಗೋಡೆಯ ಕಡೆ ತಿರುಗಿ ಕೂತು ಮಗುವಿನ ಹಾಗೆ ಅತ್ತ. ಡೆರ್ನಾ ಸಮಾಧಾನ ಮಾಡಲಿಲ್ಲ. ಅಳುವುದಕ್ಕೆ ಕಾರಣವಿದೆ, ಅಳಲಿ ಅಂತ ಬಿಟ್ಟಳು.

ಜೂನ್‌ನಲ್ಲಿ ಜೆಲಿಂಡಾಳ ಕಾಲು ತೆಗೆದರು. ಅವನು ಆಸ್ಪತ್ರೆಗೆ ಹೊರಟ, ಬರಬೇಡ ಅಂತ ಹೇಳಿಕಳಿಸಿದಳು. ಪತ್ರ ಬರೆದ, ಕ್ಷಮಿಸು ಎಂಬ ಒಂದೇ ಮಾತನ್ನು ನಾಲ್ಕು ಹಾಳೆಯ ತುಂಬ ಬೇರೆ ಬೇರೆ ಥರ ಬರೆದಿದ್ದ, ಉತ್ತರವಿಲ್ಲ. ಕೃತಕ ಕಾಲು ಬಂತು. ಜೆಲಿಂಡಾ ಕೋಲು ಹಿಡಿದು ನಡೆದಳು, ಚಳಿಗಾಲದ ಹೊತ್ತಿಗೆ ಕೋಲು ಬಿಟ್ಟು ನಡೆದಳು. ಚೌಕದಲ್ಲಿ ನಿಲ್ಲುವ ಕೆಲಸ ಹೋಗಿ ಪುರಸಭೆಯ ಕಚೇರಿಯಲ್ಲಿ ದೂರು ವಿಚಾರಿಸುವ ಕೆಲಸ ಸಿಕ್ಕಿತು. ಕಚೇರಿಗೆ ಹತ್ತಿರದ ದಾರಿ ಎಲ್ಪಿಡಿಯೊನ ಓಣಿಯದು. ಅವಳು ಇಗರ್ಜಿಯನ್ನು ಸುತ್ತಿಕೊಂಡು ದೂರದ ದಾರಿಯಲ್ಲಿ ಹೋಗುತ್ತಿದ್ದಳು, ಒಂದೂವರೆ ಕಾಲಿನಲ್ಲಿ. ಅದನ್ನು ಕಿಟಕಿಯಿಂದ ನೋಡುವುದೇ ಅವನಿಗೆ ದಿನದ ಶಿಕ್ಷೆಯಾಯಿತು.

ಮನುಷ್ಯ ತಪ್ಪು ಮಾಡಿದರೆ ಒಂದು ಕಡೆ ಬೀಳುತ್ತಾನೆ, ತಿದ್ದಿಕೊಳ್ಳಲು ಹೊರಟರೆ ಇನ್ನೊಂದು ಕಡೆ ಬೀಳುತ್ತಾನೆ. ಎಲ್ಪಿಡಿಯೊ ಬಾಯಿ ಬಿಡಲು ಶುರು ಮಾಡಿದ. ಅಯ್ಯೋ, ಅದೆಂಥ ಬಾಯಿ! ಬೇಕರಿಯವನಿಗೆ, ನಿನ್ನ ಹೆಬ್ಬೆರಳು ಹೋದ ವರ್ಷಕ್ಕಿಂತ ಸೊಟ್ಟಗಿದೆ, ತೋರಿಸಿಕೋ ಅಂದ. ಪಾದ್ರಿಯ ತಂಗಿಗೆ, ಪಾದದ ಮೇಲಿನ ಈ ಬಾವು ನನಗೆ ಹಿಡಿಸಲಿಲ್ಲ ಅಂದ. ಆಕೆ ಹೆದರಿ ಮೂರು ಡಾಕ್ಟರರನ್ನು ನೋಡಿ ಬಂದಳು, ಸೊಳ್ಳೆ ಕಚ್ಚಿದ್ದಂತೆ. ಬ್ಯಾಂಕಿನ ಮ್ಯಾನೇಜರನನ್ನು ಡಾಕ್ಟರ ಹತ್ತಿರ ಓಡಿಸಿದ್ದು ಮಾತ್ರ ಸಾರ್ಥಕವಾಯಿತು, ಅವನಿಗೆ ಸಕ್ಕರೆ ಕಾಯಿಲೆ ಸಿಕ್ಕಿತು. ಅವನೂ ಕೃತಜ್ಞತೆ ಹೇಳಲಿಲ್ಲ, ಕೇಕು ಬಿಡಬೇಕಾದ ಸಿಟ್ಟು. ಅರ್ಧ ಗಿರಾಕಿಗಳು ಸಮುದ್ರದ ಕಡೆಯ ಅಂಗಡಿಗಳಿಗೆ ಹೋದರು. ಅಲ್ಲಿ ಬೂಟು ಕಚ್ಚಿದರೂ ಮಾರುವವನು ಕಚ್ಚುವುದಿಲ್ಲ ಎಂದು ಊರಲ್ಲಿ ಆಡಿಕೊಂಡರು.

ಕೊನೆಗೆ ಔಷಧಿ ಅಂಗಡಿಯವನ ಹೆಂಡತಿ ಪುರಸಭೆಗೆ ಲಿಖಿತ ದೂರು ಕೊಟ್ಟಳು. ನಾಲ್ಕು ಜನರ ಮುಂದೆ ಮೇಸ್ತ್ರಿ ನನ್ನ ಎರಡೂ ಕಾಲು ಒಂದು ಅಳತೆ ದೊಡ್ಡದಾಗಿದೆ ಎಂದು ಹೇಳಿ ಅವಮಾನಿಸಿದ್ದಾನೆ ಅಂತ. ದೂರು ವಿಚಾರಿಸುವವರು ಯಾರು? ಜೆಲಿಂಡಾ.

ಮರುವರ್ಷದ ಜುಲೈ ತಿಂಗಳ ಒಂದು ದಿನ, ಬೆಳಗಿನ ಹತ್ತು ಗಂಟೆ. ಬಾಗಿಲು ತಟ್ಟಿದ ಸದ್ದಾಯಿತು. ಎಲ್ಪಿಡಿಯೊ ತಲೆಯೆತ್ತಿದರೆ ಹೊಸ್ತಿಲಲ್ಲಿ ಜೆಲಿಂಡಾ, ಸಮವಸ್ತ್ರ, ಕಂಕುಳಲ್ಲಿ ಕಡತ. ತಟ್ಟದೆ ಒಳಗೆ ಬರುತ್ತಿದ್ದವಳು ತಟ್ಟಿದ್ದೇ ಅವನ ಎದೆಗೆ ನಾಟಿತು. ಅವಳು ಒಳಗೆ ಬಂದು, ಸ್ಟೂಲಿನ ಮೇಲೆ ಕೂತು, ಪೆನ್ನು ತೆಗೆದಳು.

"ನೀವು ಆ ಮಹಿಳೆಗೆ ಕಾಲು ದೊಡ್ಡದಾಗಿದೆ ಅಂದಿದ್ದು ನಿಜವೇ?"

ಇಷ್ಟು ವರ್ಷ ನೀನು ಅನ್ನುತ್ತಿದ್ದವಳ ಬಾಯಲ್ಲಿ ನೀವು. ಎಲ್ಪಿಡಿಯೊ ನಿಜ ಅಂದ. ಕಾಲು ದೊಡ್ಡದಾಗಿದ್ದು ನಿಜವೇ ಅಂತ ಕೇಳಿದಳು. ಅದೂ ನಿಜ, ಅಚ್ಚು ತೋರಿಸಲಾ ಅಂದ. ಬೇಡ ಅಂದಳು. ಇನ್ನು ಮುಂದೆ ಇಂಥ ಮಾತನ್ನು ಗಿರಾಕಿಗೆ ಒಬ್ಬರೇ ಇರುವಾಗ ಹೇಳಬೇಕು, ನಾಲ್ಕು ಜನರ ಮುಂದೆ ಅಲ್ಲ ಎಂದು ಎಚ್ಚರಿಕೆ ಕೊಡಲಾಗಿದೆ, ಅಂತ ಬರೆದು, ಅವನ ರುಜು ಹಾಕಿಸಿಕೊಂಡಳು. ಕಡತ ಮುಚ್ಚಿದಳು. ಎದ್ದು ಹೋಗುತ್ತಾಳೆ ಅಂತ ಅವನು ಕಾದ.

ಹೋಗಲಿಲ್ಲ. ಗೋಡೆಯ ಮೇಲಿನ ಅಚ್ಚುಗಳನ್ನು ನೋಡುತ್ತ ಕೂತಳು. ಅವಳ ಹೆಸರಿನ ಎಡಗಾಲಿನ ಅಚ್ಚು ಒಂಟಿಯಾಗಿ ಅಲ್ಲಿತ್ತು, ಬಲಗಾಲಿನದು ಆಸ್ಪತ್ರೆಯಿಂದ ವಾಪಸು ಬಂದಿರಲಿಲ್ಲ.

"ನೀನು ನನ್ನ ಕಾಲು ಕಳೆದೆ ಅಂತ ದಿನಾ ಬೈಯ್ಕೋತಿದ್ದೆ" ಅಂದಳು, ಅವನನ್ನು ನೋಡದೆ. "ಬೈದು ಮುಗಿಸೋವಷ್ಟರಲ್ಲಿ ನೆನಪಾಗೋದು, ಆ ಗುರುವಾರ ನೀನು ಬರದೇ ಇದ್ದಿದ್ರೆ ನಾನೇ ಇರ್ತಿರ್ಲಿಲ್ಲ. ಹಂಗಂತ ಉಪಕಾರ ಅನ್ನೋಕೂ ಬಾಯಿ ಬರ್ಲಿಲ್ಲ. ಎರಡೂ ಆಗದೇ ಇದ್ರೆ ಮನುಷ್ಯರು ಏನು ಮಾತಾಡ್ಬೇಕು, ಹೇಳು?"

 ಎಲ್ಪಿಡಿಯೊ, ತಾನು ತಪ್ಪು ಮಾಡಿದೆ, ಸಾಯುವತನಕ ಅದು ತನ್ನದೇ ತಪ್ಪು ಅಂದ. ಅವಳು ಅದಕ್ಕೆ ಹೌದು ಅಂದಳು. ಅಲ್ಲ ಬಿಡು ಅಂತ ಹೇಳಬಹುದಿತ್ತು, ಹೇಳಲಿಲ್ಲ. ಅವನಿಗೆ ಯಾಕೋ ಅದರಿಂದಲೇ ಉಸಿರು ಸ್ವಲ್ಪ ಸಲೀಸಾಯಿತು.

ಆಮೇಲೆ ಅವಳು ಬಗ್ಗಿ ಎಡಗಾಲಿನ ಬೂಟು ಬಿಚ್ಚಿದಳು. ಸಮುದ್ರದ ಕಡೆಯ ಅಂಗಡಿಯ ಕೆಟ್ಟ ಬೂಟು ಅದು, ಅಂಚಿನಲ್ಲಿ ಅಂಟು ಬಿಟ್ಟಿತ್ತು. ಕಾಲುಚೀಲ ತೆಗೆದು, ಪಾದವನ್ನು ಅವನ ತೊಡೆಯ ಮೇಲಿಟ್ಟಳು.

"ಅಳೆ."

ಅವನು ಟೇಪು ತೆಗೆದ. ಉದ್ದ ಅಳೆದ, ಬೆರಳುಗಳ ಬುಡದಲ್ಲಿ ಸುತ್ತಳತೆ ಅಳೆದ, ಹಿಮ್ಮಡಿ ಅಳೆದ. ಎದ್ದು ಹೋಗಿ ಅವಳ ಎಡಗಾಲಿನ ಅಚ್ಚನ್ನು ಇಳಿಸಿ ಅದನ್ನೂ ಅಳೆದ. ಬಂದು ಕೂತು ಪಾದವನ್ನು ಇನ್ನೊಂದು ಸಲ ಅಳೆದ. ನಡುಪಾದದಲ್ಲಿ ಎರಡು ಮಿಲಿಮೀಟರ್ ಹೆಚ್ಚಿತ್ತು. ಮೂರನೆಯ ಸಲ ಅಳೆದ. ಎರಡೇ.

 ಇವಳು ಈಗ ತಾನೇ ನಡೆಯಲು ಕಲಿತಿದ್ದಾಳೆ, ಈಗ ತಾನೇ ಬಾಗಿಲೊಳಗೆ ಬಂದಿದ್ದಾಳೆ. ಇಷ್ಟು ತಿಂಗಳ ಮೇಲೆ ನೀನು ಅಂದಿದ್ದಾಳೆ. ಟೇಪು ಸುರುಳಿ ಸುತ್ತಿ, ಎಲ್ಲ ಮೊದಲಿನ ಹಾಗೇ ಇದೆ ಅಂದರೆ ಡೆರ್ನಾ ಕಾಫಿ ತರುತ್ತಾಳೆ, ಮೂವರೂ ಕೂತು ಔಷಧಿ ಅಂಗಡಿಯವಳನ್ನು ಆಡಿಕೊಂಡು ನಗಬಹುದು. ಎರಡು ಮಿಲಿಮೀಟರನ್ನು ಬೂಟಿನಲ್ಲಿ ಅಡಗಿಸುವುದು ಅವನ ಕೈಗೆ ಎಷ್ಟರ ಕೆಲಸ? ಟೇಪು ಹಿಡಿದ ಕೈ ನಡುಗತೊಡಗಿತು.

"ಎರಡು ಮಿಲಿಮೀಟರ್ ಹೆಚ್ಚಾಗಿದೆ ಜೆಲಿಂಡಾ. ಇಲ್ಲಿ, ನಡುವೆ."

 ಜೆಲಿಂಡಾ ತನ್ನ ಪಾದವನ್ನೇ ನೋಡಿದಳು, ಯಾರದೋ ಪಾದ ನೋಡುವ ಹಾಗೆ. ಆಮೇಲೆ ಕಾಲುಚೀಲ ಹಾಕಿಕೊಂಡು, ಫೋನು ತೆಗೆದು, ಅಲ್ಲೇ ಕೂತು ತಾಸ್ಸಿನಾರಿಯ ಆಸ್ಪತ್ರೆಗೆ ಫೋನ್ ಮಾಡಿದಳು. ಶುಕ್ರವಾರ ಬನ್ನಿ ಅಂದರು. ನೀನೂ ಬಾ ಅಂತ ಅವನಿಗೆ ಹೇಳಿದಳು. ಕೇಳಿದ್ದಲ್ಲ, ಹೇಳಿದ್ದು.

ಶುಕ್ರವಾರದವರೆಗಿನ ಮೂರು ದಿನ ಅವನು ಹೇಗೆ ಕಳೆದ ಎಂಬುದನ್ನು ನಾನು ಹೇಳುವುದಿಲ್ಲ, ಅವನಿಗೂ ನೆನಪಿಲ್ಲ. ಆಸ್ಪತ್ರೆಯಲ್ಲಿ ಪಾದದ ಚಿತ್ರವನ್ನು ಎಲ್ಲ ಮಗ್ಗುಲಿನಿಂದ ತೆಗೆದರು, ಶ್ವಾಸಕೋಶದ ಚಿತ್ರವನ್ನೂ ತೆಗೆದರು. ಇವನು ಹೊರಗೆ ಬೆಂಚಿನ ಮೇಲೆ ಕೂತು ಬಂದುಹೋಗುವವರ ಬೂಟುಗಳನ್ನು ನೋಡುತ್ತಿದ್ದ, ಒಂದೂ ಮನಸ್ಸಿಗೆ ಇಳಿಯಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ತಾಸ್ಸಿನಾರಿ ಇಬ್ಬರನ್ನೂ ಒಳಗೆ ಕರೆದಳು. ಸಣ್ಣ ಮೈಕಟ್ಟಿನ, ಬೇಗಬೇಗ ಮಾತಾಡುವ ಹೆಂಗಸು. ಶ್ವಾಸಕೋಶ ಶುದ್ಧ, ಮೂಳೆ ಶುದ್ಧ ಅಂದಳು. ಒಂದು ಕಾಲು ಹೋದ ಮೇಲೆ ಮೈಭಾರವೆಲ್ಲ ಇನ್ನೊಂದರ ಮೇಲೆ ಬಿದ್ದು ಪಾದದ ಕಮಾನು ಚಪ್ಪಟೆಯಾಗುತ್ತದೆ, ಅಗಲವಾಗುತ್ತದೆ. ಆ ಎರಡು ಮಿಲಿಮೀಟರ್ ಅದು. ಒಳ್ಳೆಯ ಬೂಟು ಹಾಕಿಸಿ ಅಂತ ಎಲ್ಪಿಡಿಯೊನ ಕಡೆ ನೋಡಿ ಹೇಳಿದಳು.

ಎಲ್ಪಿಡಿಯೊ ಆಯಿತು ಎಂದು ತಲೆಯಾಡಿಸಿ, ಹೊರಗೆ ಬಂದು, ಗೋಡೆಗೆ ಒರಗಿ ನಿಂತ.  ಸುಮ್ಮನೆ ಹೆದರಿಸಿಬಿಟ್ಟೆ, ಮೂರು ದಿನ ನಿನಗೆ ನಿದ್ದೆಯಿಲ್ಲದ ಹಾಗೆ ಮಾಡಿದೆ, ನನ್ನ ಬಾಯಿಗೆ ಬೆಂಕಿ ಬೀಳಲಿ ಅಂತ ಏನೇನೋ ಬಡಬಡಿಸಿದ. ಜೆಲಿಂಡಾ ತನ್ನ ಹೊಸ ಕಾಲನ್ನು ಜೋಪಾನವಾಗಿ ಊರಿ ಬಂದು ಅವನ ಪಕ್ಕದಲ್ಲೇ ಗೋಡೆಗೆ ಒರಗಿದಳು. ಅವಳ ಕಣ್ಣು ತುಂಬಿತ್ತು.

"ಅಳತೆ ಹೇಳೋವಾಗ ನಿನ್ನ ಕೈ ನಡುಗ್ತಿತ್ತು, ನೋಡ್ದೆ" ಅಂದಳು. "ಆರು ತಿಂಗಳಿಗೊಂದ್ಸಲ ಬರ್ತೀನಿ ಮೇಸ್ತ್ರಿ. ನಡುಗಲಿ, ಪರವಾಗಿಲ್ಲ. ಹೇಳ್ಬಿಡು."